ಟೆಲಿಸ್ಕೋಪ್ ಬಂತು, ಫೋಟೋ ಯಾಕೆ ಬರ್ತಿಲ್ಲ?

ಮಳೆಗಾಲ ಮುಗಿದು ಮುಂಬೈ ಆಕಾಶ ತಿಳಿಯಾಗುತ್ತಿದ್ದಂತೆ ಈ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಟೆಲಿಸ್ಕೋಪ್ ಈಗ ಅಪರೂಪದ ವಸ್ತುವೇನಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಟಿವಿಯಲ್ಲಿ ನೋಡಿ, ಹಟ ಹಿಡಿದು ತರಿಸಿಕೊಂಡ ಮಕ್ಕಳೂ ಇದ್ದಾರೆ. ಕಣ್ಣಿಟ್ಟರೆ ಶನಿಯ ಉಂಗುರ ಕಾಣುತ್ತದೆ. ಮೊಬೈಲ್ ಇಟ್ಟರೆ ಬರೀ ಬಿಳಿ ಮಚ್ಚೆ.

ಅಂಗಡಿಯವರನ್ನು ಕೇಳಿದರೆ ದೊಡ್ಡ ಪಟ್ಟಿಯನ್ನೇ ಕೊಡುತ್ತಾರೆ. ಬಾರ್ಲೋ, ಟಿ-ರಿಂಗ್, ಫ್ಲಾಟ್ನರ್, ಗೈಡ್ ಸ್ಕೋಪ್, ಡ್ಯೂ ಹೀಟರ್. ಒಂದೊಂದರ ಬೆಲೆ ನೋಡಿದರೆ ಎದೆ ಧಸಕ್ ಎನ್ನುತ್ತದೆ. ಆದರೆ ಈ ಪಟ್ಟಿಯ ಪ್ರತಿ ಸಾಮಾನೂ ಯಾವುದೋ ಒಂದು ತೊಂದರೆಗೆಂದೇ ಹುಟ್ಟಿದ್ದು. ಚಿತ್ರ ಕೆಡುತ್ತಿರುವುದು ಯಾಕೆ ಅಂತ ಗೊತ್ತಾದರೆ ಯಾವುದು ಬೇಕು, ಯಾವುದು ಈಗ ಬೇಡ ಅನ್ನುವುದು ತಾನಾಗಿ ತಿಳಿಯುತ್ತದೆ.

ಎರಡು ಬೇರೆ ಬೇರೆ ಕೆಲಸ

ಆಕಾಶದ ಫೋಟೋ ಅಂದರೆ ಒಂದೇ ಕೆಲಸ ಅಂದುಕೊಳ್ಳುತ್ತೇವೆ. ನಿಜಕ್ಕೂ ಅವು ಎರಡು.

ಚಂದ್ರ, ಗುರು, ಶನಿ, ಮಂಗಳ ಇವೆಲ್ಲ ಸಾಕಷ್ಟು ಪ್ರಕಾಶ ಇರುವಂಥವು. ಸೆಕೆಂಡಿನ ನೂರರಲ್ಲಿ ಒಂದು ಭಾಗ ಬೆಳಕು ಬಿಟ್ಟರೂ ಸಾಕಾಗುತ್ತದೆ. ಗ್ರಹಗಳ ತೊಂದರೆ ಅಂದರೆ ಅವು ತುಂಬಾ ಚಿಕ್ಕದಾಗಿ ಕಾಣುತ್ತವೆ, ಜೊತೆಗೆ ನಡುವಿನ ಗಾಳಿ ನಡುಗುತ್ತದೆ.

ನೀಹಾರಿಕೆ (ಅಂದರೆ ಆಕಾಶದ ಅನಿಲ, ಧೂಳಿನ ಮೋಡ), ಗ್ಯಾಲಕ್ಸಿಗಳದ್ದು ಇದಕ್ಕೆ ಪೂರ್ತಿ ಉಲ್ಟಾ. ಆಂಡ್ರೊಮಿಡಾ ಗ್ಯಾಲಕ್ಸಿ ಆಕಾಶದಲ್ಲಿ ಸುಮಾರು ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ ಇದೆ. ಆದರೂ ಊರಿನ ಆಕಾಶದಲ್ಲಿ ಕಾಣುವುದಿಲ್ಲ, ಯಾಕಂದರೆ ಅಷ್ಟು ಮಂಕು. ಅದಕ್ಕೆ ದೊಡ್ಡದು ಮಾಡುವ ಸಾಮಾನಿನಿಂದ ಏನೂ ಪ್ರಯೋಜನವಿಲ್ಲ. ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕು ಕೂಡಿಡಬೇಕು.

ನಿಮಗೆ ಇವೆರಡರಲ್ಲಿ ಯಾವುದರ ಆಸೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಮುಂಬೈ ನಡುಮಧ್ಯದ ಟೆರೇಸಿನಿಂದ ಮೊದಲನೆಯದು ಆರಾಮಾಗಿ ಆಗುತ್ತದೆ. ಎರಡನೆಯದಕ್ಕೆ ಕಷ್ಟ ಜಾಸ್ತಿ.

ಕ್ಯಾಮೆರಾವನ್ನು ಕೂರಿಸುವುದು

ಕೈಯಲ್ಲಿ ಮೊಬೈಲ್ ಹಿಡಿದು ಐಪೀಸ್‌ಗೆ ತಾಗಿಸಿ ಫೋಟೋ ತೆಗೆಯಲು ಎಲ್ಲರೂ ನೋಡುತ್ತೇವೆ. ಐಪೀಸ್ ಅಂದರೆ ನಾವು ಕಣ್ಣಿಡುವ ಪುಟ್ಟ ಮಸೂರದ ತುಂಡು. ಅದರಿಂದ ಹೊರಬರುವ ಬೆಳಕಿನ ಕಂಬಿ ಕೆಲವೇ ಮಿಲಿಮೀಟರ್ ದಪ್ಪ. ಮೊಬೈಲ್ ಲೆನ್ಸ್ ಅದರ ನೇರಕ್ಕೇ ಇರಬೇಕು, ಕೂದಲೆಳೆಯಷ್ಟು ಆಚೀಚೆಯಾದರೂ ಪರದೆ ಕಪ್ಪಾಗುತ್ತದೆ. ಮೊಬೈಲ್ ಅಡಾಪ್ಟರ್ ಮಾಡುವುದು ಇಷ್ಟೇ: ಫೋನನ್ನು ಐಪೀಸ್ ಮುಂದೆ ಅಲುಗದಂತೆ ಹಿಡಿದಿಡುತ್ತದೆ. ಅಗ್ಗದ ಸಾಮಾನು, ಚಂದ್ರನ ಫೋಟೋಗೆ ಧಾರಾಳವಾಗಿ ಸಾಕು. ತೆಗೆಯುವಾಗ ಪರದೆ ಮುಟ್ಟಬೇಡಿ, ಟೈಮರ್ ಇಡಿ. ಬೆರಳು ತಾಗಿದರೂ ಚಂದ್ರ ಕುಣಿಯುತ್ತಾನೆ.

ಗ್ರಹ ಅತಿ ಬೆಳ್ಳಗೆ ಬರುವುದಕ್ಕೆ ಕಾರಣ ಫೋನಿನ ಆಟೋ ಎಕ್ಸ್‌ಪೋಷರ್. ಸುತ್ತಲಿನ ಕತ್ತಲನ್ನು ನೋಡಿ ಅದು ಬೆಳಕು ಏರಿಸಿಬಿಡುತ್ತದೆ. ಪ್ರೊ ಮೋಡ್‌ಗೆ ಹೋಗಿ ಶಟರ್ ವೇಗ ಹೆಚ್ಚಿಸಿ, ಐಎಸ್‌ಒ (ಚಿತ್ರವನ್ನು ಎಷ್ಟು ಬೆಳಗಿಸಬೇಕು ಅನ್ನುವ ಅಂಕಿ) ಇಳಿಸಿ. ಆ ಬಿಳಿ ಮಚ್ಚೆಯೊಳಗಿಂದ ಉಂಗುರ ಹೊರಬರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ ಇದ್ದವರು ಲೆನ್ಸ್ ತೆಗೆದು, ಕ್ಯಾಮೆರಾದ ಬಾಡಿಯನ್ನೇ ಟೆಲಿಸ್ಕೋಪಿಗೆ ಸಿಕ್ಕಿಸುತ್ತಾರೆ. ಆಗ ಟೆಲಿಸ್ಕೋಪೇ ಲೆನ್ಸ್. ಸಿಕ್ಕಿಸುವ ಬಳೆಯಾಕಾರದ ಲೋಹದ ತುಂಡು ಟಿ-ರಿಂಗ್. ಕ್ಯಾನನ್‌ಗೆ ಬೇರೆ, ನಿಕಾನ್‌ಗೆ ಬೇರೆ, ನಿಮ್ಮ ಕ್ಯಾಮೆರಾದ್ದೇ ಕೇಳಿ ತೆಗೆದುಕೊಳ್ಳಿ.

ಇಲ್ಲೊಂದು ಪೇಚಾಟ ಇದೆ. ಕನ್ನಡಿಯಿಂದ ಕೆಲಸ ಮಾಡುವ ಚಿಕ್ಕ ನ್ಯೂಟೋನಿಯನ್ ಟೆಲಿಸ್ಕೋಪ್‌ಗಳಲ್ಲಿ ಡಿಎಸ್‌ಎಲ್‌ಆರ್ ಸಿಕ್ಕಿಸಿದರೆ ಎಷ್ಟು ತಿರುಗಿಸಿದರೂ ಫೋಕಸ್ ಸಿಗದೆ ಹೋಗಬಹುದು. ಜನ ಟೆಲಿಸ್ಕೋಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಕೆಟ್ಟಿರುವುದಿಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಅಂಚಿನಿಂದ ಒಳಗಿನ ಸೆನ್ಸರ್‌ಗೆ, ಅಂದರೆ ಬೆಳಕು ಹಿಡಿಯುವ ಫಲಕಕ್ಕೆ 44 ಮಿಲಿಮೀಟರ್ ದೂರ. ಟಿ-ರಿಂಗ್ ದಪ್ಪ 11. ಒಟ್ಟು 55 ಮಿಲಿಮೀಟರ್. ಸೆನ್ಸರ್ ಅಷ್ಟು ಹಿಂದೆ ಕೂತಾಗ, ಫೋಕಸರ್ (ಫೋಕಸ್‌ಗಾಗಿ ಒಳಗೆ ಹೊರಗೆ ಸರಿಯುವ ಭಾಗ) ಪೂರ್ತಿ ಒಳಗೆ ಹೋದರೂ ಬೆಳಕು ಕೂಡುವ ಜಾಗ ಸೆನ್ಸರ್‌ವರೆಗೆ ತಲುಪುವುದಿಲ್ಲ. ನಡುವೆ ಬಾರ್ಲೋ ಹಾಕಿದರೆ ಆ ಜಾಗ ಹಿಂದಕ್ಕೆ ಸರಿಯುತ್ತದೆ, ಫೋಕಸ್ ಸಿಗುತ್ತದೆ.

ಬಾರ್ಲೋ ಅಂದರೆ ಬಿಂಬವನ್ನು ಎರಡು ಅಥವಾ ಮೂರು ಪಟ್ಟು ಹಿಗ್ಗಿಸುವ ಮಸೂರ. ಗ್ರಹಗಳಿಗೆ ಬಹಳ ಒಳ್ಳೆಯದು. ಆದರೆ ಎರಡು ಪಟ್ಟು ಹಿಗ್ಗಿಸಿದಾಗ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡುತ್ತದೆ, ಚಿತ್ರ ಮಂಕಾಗುತ್ತದೆ. ನೀಹಾರಿಕೆಗೆ ಇದು ಬೇಡವೇ ಬೇಡ.

ಗ್ರಹಗಳ ಚೆಂದದ ಚಿತ್ರಗಳು ನಿಜವಾಗಿ ವಿಡಿಯೋದಿಂದ ಬಂದವು. ಯುಎಸ್‌ಬಿ ಕ್ಯಾಮೆರಾ ಹಾಕಿ ಒಂದೆರಡು ನಿಮಿಷದಲ್ಲಿ ಸಾವಿರಾರು ಫ್ರೇಮ್ ತೆಗೆಯುತ್ತಾರೆ. ಗಾಳಿ ಒಂದು ಕ್ಷಣ ಸುಮ್ಮನಾದಾಗ ಸಿಕ್ಕ ಫ್ರೇಮ್‌ಗಳನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಕೂಡಿಸಲು ಆಟೋಸ್ಟಾಕರ್ಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತಾನೆ. ಹಾಗಾಗಿ ಅವನ ವಿಡಿಯೋ ಎರಡು ಮೂರು ನಿಮಿಷ ದಾಟಿದರೆ ಅವನ ಮೈಮೇಲಿನ ಪಟ್ಟೆಗಳ ವಿವರವೇ ಕಲಸಿಹೋಗುತ್ತದೆ. ಎದುರು ಮನೆಯ ಎಸಿಯ ಬಿಸಿಗಾಳಿ ಏಳುವ ಕಡೆ ಗ್ರಹ ಇದ್ದರೆ, ಅದು ಇನ್ನಷ್ಟು ಮೇಲೇರುವವರೆಗೆ ಕಾಯಿರಿ.

ಸ್ಟ್ಯಾಂಡಿಗೇ ಮೊದಲ ದುಡ್ಡು

ಹೊಸಬರು ದುಡ್ಡೆಲ್ಲ ಟೆಲಿಸ್ಕೋಪಿನ ಕೊಳವೆಗೆ ಹಾಕುತ್ತಾರೆ. ಆಕಾಶದ ಫೋಟೋಗೆ ಮಾತ್ರ ಕೊಳವೆಗಿಂತ ಅದನ್ನು ಹೊತ್ತು ನಿಂತ ಮೌಂಟ್ ಮುಖ್ಯ ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಮೌಂಟ್ ಅಂದರೆ ಟ್ರೈಪಾಡ್ ಮೇಲೆ ಕೂತು ಟೆಲಿಸ್ಕೋಪನ್ನು ತಿರುಗಿಸುವ ಭಾಗ.

ಭೂಮಿ ತಿರುಗುತ್ತಿರುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಎರಡು ನಿಮಿಷದಲ್ಲಿ ಚಂದ್ರನ ಅಗಲದಷ್ಟು ದೂರ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಟೆಲಿಸ್ಕೋಪಿನಲ್ಲಿ ಎದ್ದು ಕಾಣುತ್ತದೆ. 700 ಮಿಲಿಮೀಟರ್ ಫೋಕಲ್ ಲೆಂತ್ (ಮಸೂರ ಅಥವಾ ಕನ್ನಡಿಯಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ) ಇರುವ ಸಾಮಾನ್ಯ ಟೆಲಿಸ್ಕೋಪಿಗೆ ಸಾಮಾನ್ಯ ಕ್ಯಾಮೆರಾ ಹಾಕಿದರೆ, ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಸುಮಾರು 12 ಪಿಕ್ಸೆಲ್ ಸರಿದಿರುತ್ತದೆ. ಚುಕ್ಕೆ ಇರಬೇಕಾದಲ್ಲಿ ಗೆರೆ ಬೀಳುತ್ತದೆ. ಮೂವತ್ತು ಸೆಕೆಂಡ್ ಬಿಟ್ಟರೆ ಕೇಳುವುದೇ ಬೇಡ.

ಬೀಸುವ ಕಲ್ಲು ನೆನಪಿದೆಯಲ್ವಾ? ನಡುವಿನ ಗೂಟ ನಿಂತಲ್ಲೇ ಇರುತ್ತದೆ, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಗೂಟದ ಹತ್ತಿರ ಬಿದ್ದ ರಾಗಿ ಕಾಳು ಸಣ್ಣ ಸುತ್ತು ಹಾಕುತ್ತದೆ, ಅಂಚಿನದ್ದು ದೊಡ್ಡ ಸುತ್ತು. ಆಕಾಶ ತಿರುಗುವುದೂ ಹೀಗೇ, ಅದರ ಗೂಟ ಇರುವುದು ಧ್ರುವ ನಕ್ಷತ್ರದ ಪಕ್ಕದಲ್ಲಿ. ಈಕ್ವಟೋರಿಯಲ್ ಮೌಂಟಿನಲ್ಲಿ ಒಂದು ಅಚ್ಚನ್ನು ಆ ಗೂಟದ ನೇರಕ್ಕೇ ಓರೆಯಾಗಿ ನಿಲ್ಲಿಸುತ್ತಾರೆ. ಆಮೇಲೆ ಒಂದೇ ಮೋಟಾರು, ಭೂಮಿ ತಿರುಗುವ ವೇಗದಲ್ಲೇ ಎದುರು ದಿಕ್ಕಿಗೆ ತಿರುಗಿದರೆ ಸಾಕು, ನಕ್ಷತ್ರ ಚೌಕಟ್ಟಿನಲ್ಲಿ ನಿಂತುಬಿಡುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಸಾದಾ ಆಲ್ಟ್-ಅಜಿಮತ್ ಮೌಂಟಿಗೂ ಮೋಟಾರು ಹಾಕಬಹುದು. ಆದರೆ ಆಗ ನಡುವಿನ ನಕ್ಷತ್ರ ನಿಂತರೂ ಸುತ್ತಲಿನ ಚಿತ್ರ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. ಚಿಕ್ಕ ಚಿಕ್ಕ ಎಕ್ಸ್‌ಪೋಷರ್‌ಗಳಿಗೆ ತೊಂದರೆಯಿಲ್ಲ, ಉದ್ದದವಕ್ಕೆ ಆಗುವುದಿಲ್ಲ.

ಅಚ್ಚನ್ನು ಧ್ರುವದ ನೇರಕ್ಕೆ ತರುವುದಕ್ಕೆ ಪೋಲಾರ್ ಅಲೈನ್‌ಮೆಂಟ್ ಅನ್ನುತ್ತಾರೆ. ಇಲ್ಲಿ ನಮ್ಮ ಊರುಗಳದ್ದೇ ಒಂದು ಸಮಸ್ಯೆ ಇದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆ ಅನ್ನುವುದು ಊರಿನ ಅಕ್ಷಾಂಶಕ್ಕೆ ಹೆಚ್ಚು ಕಡಿಮೆ ಸಮ. ಮುಂಬೈಯಲ್ಲಿ 19 ಡಿಗ್ರಿ, ಪುಣೆಯಲ್ಲಿ 18.5, ಪಣಜಿಯಲ್ಲಿ 15.5. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ ಆಗುತ್ತದೆ. ಅಂದರೆ ಮುಂಬೈಯಲ್ಲೂ ಎರಡು ಮುಷ್ಟಿ ಎತ್ತರ ತುಂಬುವುದಿಲ್ಲ! ಅಷ್ಟು ಕೆಳಗೆ ಹೊಗೆ, ಮಬ್ಬು, ಎದುರಿನ ಟವರ್. ವಿದೇಶಿ ವಿಡಿಯೋಗಳಲ್ಲಿ ತಲೆಯ ಮೇಲೆ ಹೊಳೆಯುವ ಧ್ರುವ ನಕ್ಷತ್ರ ನಮ್ಮ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಅಡಗಿರುತ್ತದೆ.

ಹೀಗಾಗಿ ಮೌಂಟ್ ಕೊಳ್ಳುವ ಮುಂಚೆ ಎರಡು ವಿಷಯ ಕೇಳಿ. ಅದರ ಓರೆ 15 ಡಿಗ್ರಿವರೆಗೆ ಇಳಿಯುತ್ತದೆಯೇ? ಕೆಲವು 20ರ ಆಸುಪಾಸಿಗೇ ನಿಲ್ಲುತ್ತವೆ, ಗೋವಾದವರಿಗಂತೂ ಇದು ಮುಖ್ಯ. ಎರಡನೆಯದು, ಅಷ್ಟು ಇಳಿಸಿದಾಗ ಸಮತೂಕದ ಕಬ್ಬಿಣದ ಗುಂಡು ಟ್ರೈಪಾಡ್ ಕಾಲಿಗೆ ಬಡಿಯುತ್ತದೆಯೇ? ಬಡಿದರೆ ನಡುವೆ ಪಿಯರ್ ಎಕ್ಸ್‌ಟೆನ್ಷನ್ ಎಂಬ ಚಿಕ್ಕ ಕಂಬ ಹಾಕಿ ಎತ್ತರಿಸಬೇಕು. ಧ್ರುವ ಕಾಣದೇ ಇದ್ದಾಗ ನೀನಾದಂಥ ಕಂಪ್ಯೂಟರ್ ಸಾಫ್ಟ್‌ವೇರ್‌ಗಳು ಕೈಹಿಡಿಯುತ್ತವೆ. ಅವು ಕ್ಯಾಮೆರಾ ತೆಗೆದ ನಕ್ಷತ್ರಗಳ ಚಿತ್ರವನ್ನು ನಕ್ಷೆಯ ಜೊತೆ ಹೋಲಿಸಿ, ಅಚ್ಚು ಎಷ್ಟು ಆಚೀಚೆ ಇದೆ ಅಂತ ಹೇಳುತ್ತವೆ. ನೀನಾದ ವಿಧಾನಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ.

ತೂಕದ ಲೆಕ್ಕವೂ ಇದೆ. ಡಬ್ಬಿ ಮೇಲೆ 10 ಕೆಜಿ ಹೊರುತ್ತದೆ ಅಂತ ಬರೆದಿದ್ದರೆ, ಫೋಟೋಗೆ ಐದಾರು ಕೆಜಿಗಿಂತ ಹೆಚ್ಚು ಹೇರಬೇಡಿ. ಟೆಲಿಸ್ಕೋಪೇ ಇಲ್ಲದೆ ಕ್ಯಾಮೆರಾ ಮತ್ತು ಲೆನ್ಸ್ ಮಾತ್ರ ಇದ್ದರೆ, ಸ್ಟಾರ್ ಟ್ರ್ಯಾಕರ್ ಎಂಬ ಅಂಗೈಯಗಲದ ಮೌಂಟ್ ಸಿಗುತ್ತದೆ. ಹಿಡಿದುಕೊಂಡು ಕರ್ಜತ್ ಲೋಕಲ್ ಹತ್ತಬಹುದು. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಹಾದಿ ನನಗೆ ಕಾಣುವುದಿಲ್ಲ.

ಗೈಡ್ ಸ್ಕೋಪ್: ಮೌಂಟಿನ ತಪ್ಪು ತಿದ್ದುವವನು

ಒಳ್ಳೆಯ ಮೌಂಟಿನ ಹಲ್ಲುಚಕ್ರಗಳಲ್ಲೂ ಸಣ್ಣಪುಟ್ಟ ಏರುಪೇರು ಇರುತ್ತದೆ. ಒಮ್ಮೆ ತುಸು ಬೇಗ, ಒಮ್ಮೆ ತುಸು ನಿಧಾನ. ನಿಮಿಷಗಟ್ಟಲೆ ಎಕ್ಸ್‌ಪೋಷರ್ ಬಿಟ್ಟಾಗ ನಕ್ಷತ್ರ ಮೊಟ್ಟೆಯಾಕಾರಕ್ಕೆ ಬರುವುದು ಇದರಿಂದಲೇ. ದೊಡ್ಡ ಟೆಲಿಸ್ಕೋಪಿನ ಬೆನ್ನ ಮೇಲೆ ಇನ್ನೊಂದು ಪುಟ್ಟ ಟೆಲಿಸ್ಕೋಪು, ಅದಕ್ಕೊಂದು ಪುಟ್ಟ ಕ್ಯಾಮೆರಾ ಕೂರಿಸುತ್ತಾರೆ. ಅದು ಒಂದೆರಡು ಸೆಕೆಂಡಿಗೊಮ್ಮೆ ಯಾವುದಾದರೂ ನಕ್ಷತ್ರದ ಫೋಟೋ ತೆಗೆದು, ಎಷ್ಟು ಜರುಗಿದೆ ಅಂತ ನೋಡಿ, ಮೌಂಟಿಗೆ ತಿದ್ದುಪಡಿ ಕಳಿಸುತ್ತಿರುತ್ತದೆ. ಪಿಎಚ್‌ಡಿ2 ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಬಹಳ ಪ್ರಸಿದ್ಧ. 30 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ನಿಮ್ಮ ನಕ್ಷತ್ರಗಳು ದುಂಡಗೇ ಬರುತ್ತಿದ್ದರೆ ಇದರ ಅವಸರ ಇಲ್ಲ.

ಚಿತ್ರದ ನಡುವೆ ನಕ್ಷತ್ರ ದುಂಡಗಿದ್ದು, ಮೂಲೆಗಳಲ್ಲಿ ಮಾತ್ರ ಎಳೆದಂತೆ ಕಂಡರೆ ಅದು ಮೌಂಟಿನ ತಪ್ಪಲ್ಲ. ಮಸೂರದ ಟೆಲಿಸ್ಕೋಪಿಗೆ ಫೀಲ್ಡ್ ಫ್ಲಾಟ್ನರ್, ಕನ್ನಡಿಯದ್ದಕ್ಕೆ ಕೋಮಾ ಕರೆಕ್ಟರ್ ಹಾಕಿದರೆ ಅದು ಸರಿಹೋಗುತ್ತದೆ. ಇವುಗಳಲ್ಲಿ ಬಹಳಷ್ಟು ಸೆನ್ಸರ್‌ನಿಂದ ಸರಿಯಾಗಿ 55 ಮಿಲಿಮೀಟರ್ ದೂರದಲ್ಲೇ ಇರಬೇಕು. ಮೇಲೆ ಹೇಳಿದ 44 ಮತ್ತು 11ರ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬರುವುದು.

ಫೋಕಸ್‌ಗೆ ಒಂದು ರಟ್ಟಿನ ತುಂಡು

ಕಣ್ಣಂದಾಜಿನ ಫೋಕಸ್ ಹತ್ತರಲ್ಲಿ ಒಂಬತ್ತು ಸಲ ತಪ್ಪಿರುತ್ತದೆ. ಇದಕ್ಕೆ ರಷ್ಯಾದ ಹವ್ಯಾಸಿ ಪಾವೆಲ್ ಬಹತಿನೋವ್ ಒಂದು ಸರಳ ಉಪಾಯ ಕಂಡುಹಿಡಿದರು. ಕೊಳವೆಯ ಬಾಯಿಗೆ ಇಡುವ ಮುಚ್ಚಳ, ಅದರಲ್ಲಿ ಮೂರು ದಿಕ್ಕಿಗೆ ಕೊರೆದ ಸೀಳುಗಳು. ಲುಬ್ಧಕ ಅಥವಾ ರೋಹಿಣಿಯಂಥ ಪ್ರಕಾಶದ ನಕ್ಷತ್ರಕ್ಕೆ ತಿರುಗಿಸಿ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ನಕ್ಷತ್ರದಿಂದ ಮೂರು ಗೆರೆ ಹೊರಟಿರುತ್ತವೆ. ಎರಡು ಗೆರೆ ಕತ್ತರಿಯಂತೆ ಅಡ್ಡ ಬಿದ್ದಿರುತ್ತವೆ, ಮೂರನೆಯದು ಅವುಗಳ ನಡುವೆ ಹಾದಿರುತ್ತದೆ. ಫೋಕಸ್ ತಪ್ಪಿದ್ದರೆ ಈ ಮೂರನೆಯ ಗೆರೆ ಒಂದು ಕಡೆಗೆ ವಾಲಿರುತ್ತದೆ. ಫೋಕಸ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ, ಗೆರೆ ಸರಿಯುತ್ತಾ ಕತ್ತರಿಯ ನಟ್ಟನಡುವೆ ಬರುತ್ತದೆ. ಅಲ್ಲಿಗೆ ಫೋಕಸ್ ಆಯಿತು, ಸ್ಕ್ರೂ ಬಿಗಿ ಮಾಡಿ. ಇದರ ವಿನ್ಯಾಸವನ್ನು ಪ್ರಿಂಟ್ ತೆಗೆದು ಗಟ್ಟಿ ರಟ್ಟಿನ ಮೇಲೆ ಅಂಟಿಸಿ ಬ್ಲೇಡಿನಲ್ಲಿ ಕೊರೆದರೂ ಕೆಲಸ ಮಾಡುತ್ತದೆ. ಮಕ್ಕಳ ಜೊತೆ ಕೂತು ಮಾಡುವಂಥದ್ದು. ಫೋಕಸ್ ಆದಮೇಲೆ ಮುಚ್ಚಳ ತೆಗೆಯುವುದನ್ನು ಮರೆಯಬಾರದು ಅಷ್ಟೇ.

ರಾತ್ರಿ ತಣ್ಣಗಾಗುತ್ತಾ ಹೋದಂತೆ ಕೊಳವೆ ಕುಗ್ಗುತ್ತದೆ, ಫೋಕಸ್ ಜರುಗುತ್ತದೆ. ಗಂಟೆಗೊಮ್ಮೆ ಮತ್ತೆ ನೋಡಿಕೊಳ್ಳಿ.

ಇಬ್ಬನಿ

ನಮ್ಮ ಕರಾವಳಿ ಮತ್ತು ಘಟ್ಟದ ಬುಡದಲ್ಲಿ ಚಳಿಗಾಲದ ರಾತ್ರಿಗಳನ್ನು ಹಾಳು ಮಾಡುವುದು ಮೋಡಕ್ಕಿಂತ ಇಬ್ಬನಿಯೇ. ಮಧ್ಯರಾತ್ರಿ ದಾಟಿದ ಮೇಲೆ ಚಿತ್ರಗಳು ಒಂದೊಂದಾಗಿ ಮಂಕಾಗುತ್ತವೆ, ನಕ್ಷತ್ರಗಳ ಸುತ್ತ ಪ್ರಭೆ ಕಾಣುತ್ತದೆ. ಟಾರ್ಚ್ ಹಾಕಿ ನೋಡಿದರೆ ಗಾಜಿನ ಮೇಲೆಲ್ಲ ಹನಿ. ಬಯಲಿಗೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಾ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯಲ್ಲಿದ್ದ ತೇವ ಅದರ ಮೇಲೆ ಕೂರುತ್ತದೆ. ಬಟ್ಟೆಯಿಂದ ಒರೆಸಲೇಬೇಡಿ. ಗಾಜಿನ ಲೇಪನಕ್ಕೆ ಗೀರು ಬೀಳುತ್ತದೆ, ಒರೆಸಿದ ಮೇಲೂ ಹನಿ ಮತ್ತೆ ಕೂರುತ್ತದೆ.

ಮೊದಲ ಉಪಾಯ ಡ್ಯೂ ಶೀಲ್ಡ್, ಕೊಳವೆಯ ಬಾಯಿಯನ್ನು ಮುಂದಕ್ಕೆ ಚಾಚುವ ತೋಳು. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಸುತ್ತಿದರೂ ಆದೀತು. ಗಾಜಿನ ಅಗಲದ ಒಂದೂವರೆ ಪಟ್ಟು ಉದ್ದ ಇರಲಿ. ಅಷ್ಟರಲ್ಲೂ ತಡೆಯದಿದ್ದರೆ ಡ್ಯೂ ಹೀಟರ್ ಪಟ್ಟಿ. ಕೊಳವೆಯ ಸುತ್ತ ಬೆಲ್ಟಿನಂತೆ ಕಟ್ಟಿದರೆ ಗಾಜನ್ನು ಒಂದೆರಡು ಡಿಗ್ರಿ ಬೆಚ್ಚಗಿಡುತ್ತದೆ. ಚಿಕ್ಕ ಟೆಲಿಸ್ಕೋಪಿಗೆ ಪವರ್ ಬ್ಯಾಂಕಿನಿಂದ ನಡೆಯುವಂಥದ್ದೂ ಸಿಗುತ್ತದೆ. ಮುಂಬೈ, ಕೊಂಕಣ, ಗೋವಾದಲ್ಲಿ ಇದು ಐಷಾರಾಮ ಅಲ್ಲ, ಅಗತ್ಯ.

ಊರಿನ ಬೆಳಕು ಮತ್ತು ಫಿಲ್ಟರ್

ಹಿಂದೆ ಬೀದಿದೀಪಗಳೆಲ್ಲ ಹಳದಿ ಸೋಡಿಯಂ ದೀಪ. ಅವುಗಳ ಬೆಳಕು ಹೆಚ್ಚಾಗಿ 589 ನ್ಯಾನೋಮೀಟರ್ ಆಸುಪಾಸಿನ ಒಂದು ಬಣ್ಣಕ್ಕೆ ಸೇರಿದ್ದು. ಆ ಬಣ್ಣವನ್ನಷ್ಟೇ ತಡೆಯುವ ಫಿಲ್ಟರ್ ಹಾಕಿದರೆ ಆಕಾಶ ಒಳ್ಳೇ ಕಪ್ಪಾಗುತ್ತಿತ್ತು. ಈಗ ಬಂದಿರುವ ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಇದೆ. ಹಳೆಯ ಫಿಲ್ಟರ್ ಅದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಲೈಟ್ ಪೊಲ್ಯೂಷನ್ ಫಿಲ್ಟರ್ ಅಂತ ತೋರಿಸಿದಾಗ ಇದು ನೆನಪಿರಲಿ.

ಡ್ಯುಯಲ್ ಬ್ಯಾಂಡ್ ಫಿಲ್ಟರ್‌ಗಳ ರೀತಿಯೇ ಬೇರೆ. ನೀಹಾರಿಕೆಯ ಬಿಸಿ ಅನಿಲ ಹೊಳೆಯುವುದು ಕೆಲವೇ ಬಣ್ಣಗಳಲ್ಲಿ. ಜಲಜನಕದ ಕೆಂಪು 656.3 ನ್ಯಾನೋಮೀಟರ್, ಆಮ್ಲಜನಕದ ನೀಲಿ-ಹಸಿರು 500.7. ಈ ಫಿಲ್ಟರ್ ಆ ಎರಡಕ್ಕೆ ಮಾತ್ರ ಬಾಗಿಲು ತೆರೆದು ಉಳಿದದ್ದನ್ನೆಲ್ಲ ತಡೆಯುತ್ತದೆ. ಮೃಗಶಿರದ ಕಡೆ ಇರುವ ಓರಿಯನ್ ನೀಹಾರಿಕೆಯನ್ನು ಠಾಣೆಯ ಟೆರೇಸಿನಿಂದಲೂ ಬಣ್ಣದಲ್ಲಿ ಹಿಡಿಯಬಹುದು. ಆದರೆ ಗ್ಯಾಲಕ್ಸಿ, ಕೃತ್ತಿಕೆಯಂಥ ನಕ್ಷತ್ರಪುಂಜಗಳು ಎಲ್ಲ ಬಣ್ಣದಲ್ಲೂ ಹೊಳೆಯುತ್ತವೆ, ಅವಕ್ಕೆ ಇದು ಉಪಯೋಗವಿಲ್ಲ. ಅವು ಬೇಕಾದರೆ ಊರು ಬಿಟ್ಟು ಹೋಗಬೇಕು. ಇನ್ನೊಂದು ಮಾತು: ಸಾದಾ ಡಿಎಸ್‌ಎಲ್‌ಆರ್ ಒಳಗಿನ ಗಾಜು ಜಲಜನಕದ ಆ ಕೆಂಪಿನ ಬಹುಭಾಗವನ್ನು ತಡೆಯುತ್ತದೆ. ಆ ಗಾಜನ್ನು ಬದಲಿಸಿದ ಕ್ಯಾಮೆರಾಕ್ಕೆ ಮಾಡಿಫೈಡ್ ಅನ್ನುತ್ತಾರೆ.

ಸೂರ್ಯನಿಗೆ ಬೇರೆಯದೇ ನಿಯಮ

ಸೌರ ಫಿಲ್ಟರ್ ಯಾವಾಗಲೂ ಕೊಳವೆಯ ಮುಂಬಾಯಿಗೇ ಹಾಕಬೇಕು. ಅದು ಲಕ್ಷದಲ್ಲಿ ಒಂದು ಭಾಗ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಐಪೀಸ್‌ಗೆ ಸಿಕ್ಕಿಸುವ ಸನ್ ಫಿಲ್ಟರ್ ಹಳೆಯ ಟೆಲಿಸ್ಕೋಪ್ ಡಬ್ಬಿಗಳಲ್ಲಿ ಸಿಗುವುದುಂಟು. ಸಿಕ್ಕರೆ ಬಿಸಾಡಿ. ಕೂಡಿದ ಬಿಸಿಲಿಗೆ ಅದು ಬಿರುಕು ಬಿಟ್ಟರೆ ಕಣ್ಣೇ ಹೋಗುತ್ತದೆ. ಗುರಿ ಹುಡುಕಲು ಪಕ್ಕದಲ್ಲಿರುವ ಚಿಕ್ಕ ದುರ್ಬೀನು, ಫೈಂಡರ್‌ಗೂ ಮುಚ್ಚಳ ಹಾಕಿಡಿ, ಮಕ್ಕಳು ಅದರಲ್ಲಿ ಇಣುಕುತ್ತಾರೆ. 2027ರ ಆಗಸ್ಟ್ 2ರ ಸೂರ್ಯಗ್ರಹಣ, ಮೋಡ ಬಿಟ್ಟುಕೊಟ್ಟರೆ, ನಮ್ಮ ಕಡೆ ಸಂಜೆಯ ಹೊತ್ತಿಗೆ ಭಾಗಶಃ ಕಾಣುತ್ತದೆ. ಫಿಲ್ಟರ್ ಹಾಳೆಯನ್ನು ಮೊದಲೇ ತಂದಿಟ್ಟುಕೊಳ್ಳಿ.

ದುಡ್ಡು ಬೇಡದ ಸಾಮಾನುಗಳು

ಒಂದೇ ಚಿತ್ರದಲ್ಲಿ ನೀಹಾರಿಕೆ ಕಾಳುಕಾಳಾಗಿ ಕಾಣುತ್ತದೆ. ಒಂದೇ ಜಾಗದ ಹಲವು ಚಿತ್ರ ಕೂಡಿಸಿದರೆ ಆ ಕಾಳು ಕರಗುತ್ತದೆ: 4 ಚಿತ್ರಕ್ಕೆ ಅರ್ಧ, 16ಕ್ಕೆ ಕಾಲು, 100ಕ್ಕೆ ಹತ್ತರಲ್ಲಿ ಒಂದು. ಇದೇ ಸ್ಟ್ಯಾಕಿಂಗ್. ಡೀಪ್‌ಸ್ಕೈಸ್ಟಾಕರ್, ಸಿರಿಲ್ ಎರಡೂ ಉಚಿತ. ನೂರು ಚಿತ್ರ ತೆಗೆಯಲು ಶಟರ್ ಒತ್ತುತ್ತಾ ಕೂರಲಾಗದು, ಇಂಟರ್ವಲೋಮೀಟರ್ ಎಂಬ ಸಣ್ಣ ರಿಮೋಟ್ ಆ ಕೆಲಸ ಮಾಡುತ್ತದೆ.

ಜೊತೆಗೆ ಎರಡು ಬಗೆಯ ಚಿತ್ರ ಬೇಕು. ಮುಚ್ಚಳ ಹಾಕಿ, ಅದೇ ಎಕ್ಸ್‌ಪೋಷರ್, ಅದೇ ಐಎಸ್‌ಒನಲ್ಲಿ ತೆಗೆದ ಕಪ್ಪು ಚಿತ್ರ ಡಾರ್ಕ್. ಸೆನ್ಸರ್ ಬಿಸಿಯಿಂದ ಹುಟ್ಟುವ ಸುಳ್ಳು ಚುಕ್ಕೆಗಳು ಅದರಲ್ಲಿ ಸಿಗುತ್ತವೆ, ಅವನ್ನು ಕಳೆಯಬಹುದು. ಸುಮಾರು 6 ಡಿಗ್ರಿ ಬಿಸಿ ಏರಿದರೆ ಈ ಚುಕ್ಕೆಗಳಿಗೆ ಕಾರಣವಾದ ವಿದ್ಯುತ್ ಸೋರಿಕೆ ಎರಡು ಪಟ್ಟಾಗುತ್ತದೆ. ನಮ್ಮ ಬೆಚ್ಚನೆಯ ರಾತ್ರಿಗಳಲ್ಲಿ ತಂಪು ಮಾಡುವ ಕ್ಯಾಮೆರಾಗಳಿಗೆ ಅದಕ್ಕೇ ಬೆಲೆ. ಇನ್ನೊಂದು ಫ್ಲಾಟ್. ಬೆಳಗಿನ ಜಾವ, ಕ್ಯಾಮೆರಾ ಅಲುಗಿಸದೆ, ಕೊಳವೆಯ ಬಾಯಿಗೆ ಬಿಳಿ ಪಂಚೆಯ ತುಂಡು ಬಿಗಿಯಾಗಿ ಕಟ್ಟಿ ಮಸುಕು ಬೆಳಕಿನ ಆಕಾಶಕ್ಕೆ ಹಿಡಿದು ತೆಗೆಯಿರಿ. ಸೆನ್ಸರ್ ಮೇಲಿನ ಧೂಳಿನ ಉಂಗುರ, ಮೂಲೆಗಳ ಕತ್ತಲು ಎಲ್ಲವೂ ಅದರಲ್ಲಿ ಮೂಡುತ್ತವೆ, ಸಾಫ್ಟ್‌ವೇರ್ ಅವನ್ನು ತೆಗೆದುಹಾಕುತ್ತದೆ.

ಎಲ್ಲವೂ ಒಂದೇ ಡಬ್ಬಿಯಲ್ಲಿ

ಇತ್ತೀಚೆಗೆ ಸ್ಮಾರ್ಟ್ ಟೆಲಿಸ್ಕೋಪ್‌ಗಳು ಬಂದಿವೆ. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಹೆಚ್ಚು ಜನಕ್ಕೆ ಗೊತ್ತು. 50 ಮಿಲಿಮೀಟರ್ ಮಸೂರ, ಕ್ಯಾಮೆರಾ, ಮೋಟಾರು, ಡ್ಯೂ ಹೀಟರ್, ಡ್ಯುಯಲ್ ಬ್ಯಾಂಡ್ ಫಿಲ್ಟರ್, ಸ್ಟ್ಯಾಕಿಂಗ್ ಎಲ್ಲ ಒಳಗೇ ಇದೆ. ತೂಕ ಸುಮಾರು ಎರಡೂವರೆ ಕೆಜಿ. ಫೋನಿನಲ್ಲಿ ಹೆಸರು ಒತ್ತಿದರೆ ಅದೇ ಹುಡುಕಿ ಚಿತ್ರ ಕಟ್ಟುತ್ತದೆ. ಕಣ್ಣಿಟ್ಟು ನೋಡುವ ಐಪೀಸ್ ಮಾತ್ರ ಇಲ್ಲ, ಗ್ರಹಗಳೂ ಅದರಲ್ಲಿ ಪುಟ್ಟದಾಗಿಯೇ ಕಾಣುತ್ತವೆ. ನೀಹಾರಿಕೆಯ ಆಸೆ ಇದ್ದು, ಮೇಲೆ ಹೇಳಿದ ಜೋಡಣೆಗೆಲ್ಲ ಸಮಯ ಇಲ್ಲದವರಿಗೆ ಒಳ್ಳೆಯ ಆಯ್ಕೆ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಯಾವುದನ್ನೂ ಕೊಳ್ಳುವ ಮುಂಚೆ ಬೇರೆಯವರದ್ದನ್ನು ಒಂದು ರಾತ್ರಿ ನೋಡಿ. ಮುಂಬೈಯ ಖಗೋಳ ಮಂಡಲ ಬದ್ಲಾಪುರ ದಾಟಿದ ವಾಂಗಣಿ ಕಡೆ ರಾತ್ರಿಯಿಡೀ ಆಕಾಶ ನೋಡುವ ಕಾರ್ಯಕ್ರಮ ನಡೆಸುತ್ತಾ ಬಂದಿದೆ. ಪುಣೆಯಲ್ಲಿ 1944ರಿಂದ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಇದೆ. ಪಣಜಿಯಲ್ಲಿ ಅಸೋಸಿಯೇಷನ್ ಆಫ್ ಫ್ರೆಂಡ್ಸ್ ಆಫ್ ಆಸ್ಟ್ರಾನಮಿ. ಮಾತು ಮರಾಠಿ, ಕೊಂಕಣಿಯಲ್ಲಿ ನಡೆದರೂ ನಮ್ಮವರಿಗೆ ಕಷ್ಟವೇನಿಲ್ಲ. ಕೇಳಿದರೆ ಪ್ರೀತಿಯಿಂದ ತೋರಿಸುವ ಜನ ಅಲ್ಲಿದ್ದಾರೆ. ಯಾವ ಮೌಂಟ್ ಗಾಳಿಗೆ ನಡುಗುತ್ತದೆ, ಯಾವುದನ್ನು ಹೊತ್ತು ಲೋಕಲ್ ಹತ್ತಲಾಗದು ಅನ್ನುವುದು ಕೈಯಲ್ಲಿ ಎತ್ತಿ ನೋಡಿದಾಗಲೇ ಗೊತ್ತಾಗುವುದು.

ಜೂನ್ ಬಂದಾಗ ಎಲ್ಲ ಬಿಚ್ಚಿಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಸ್ಟು ಹಿಡಿಯುತ್ತದೆ, ಒಮ್ಮೆ ಬೇರು ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಡಬೇಡಿ, ಅವು ತೇವ ಹೀರುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ತಂದರೆ, ನೀರು ಕುಡಿದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆಗ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿಟ್ಟು ಬಿಸಿ ಮಾಡಿ ಮತ್ತೆ ಹಾಕಬಹುದು. ಆ ಬಾಣಲೆಯನ್ನು ಅಡಿಗೆಗೆ ಬಳಸಬೇಡಿ.